ಜಾಹೀರಾತು ಮತ್ತು ನಮ್ಮ ಮಿದುಳು

(ಚಿಟಗುಪ್ಪದಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಮೂರ್ಛೆರೋಗ ಇರುವವರಿಗೆ ಇಇಜಿ ಪರೀಕ್ಷೆ ಮಾಡುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ತಲೆಗೆ ಸಣ್ಣ ಬಿಲ್ಲೆಗಳನ್ನು ಅಂಟಿಸಿ, ಮಿದುಳಿನ ಸೂಕ್ಷ್ಮ ವಿದ್ಯುತ್ ಅಲೆಗಳನ್ನು ಗೆರೆಗಳಾಗಿ ದಾಖಲಿಸುತ್ತಾರೆ. ಜರ್ಮನಿಯ ವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯರ ಮೇಲೆ ಮೊದಲು ಮಾಡಿದ ಈ ಪರೀಕ್ಷೆ ಈಗ ಆಸ್ಪತ್ರೆ ದಾಟಿ ಮಾರುಕಟ್ಟೆಗೆ ಬಂದಿದೆ. ಜಾಹೀರಾತು ತೋರಿಸುತ್ತಾ ನೋಡುವವರ ಮಿದುಳಿನ ಅಲೆ, ಕಣ್ಣಿನ ಚಲನೆ, ಮುಖಭಾವಗಳನ್ನು ಅಳೆಯುತ್ತಾರೆ. ಬೆಂಗಳೂರಿನ ಎಂಟ್ರೊಪಿಕ್ ಕಂಪನಿ ಬೆಳೆದದ್ದೇ ಇಂಥ ಕೆಲಸದಿಂದ.

ಯಾಕೆ ಇಷ್ಟು ಶ್ರಮ? ಕೇಳಿದರೆ ನಾವು ಒಂದು ಹೇಳುತ್ತೇವೆ, ಅಂಗಡಿಯಲ್ಲಿ ಇನ್ನೊಂದು ಕೊಳ್ಳುತ್ತೇವೆ. ಬಾಯಿ ಹೇಳದ್ದನ್ನು ಮಿದುಳಿನಿಂದ ತಿಳಿಯುವ ಆಸೆ ಅವರದು.

2004ರಲ್ಲಿ ಅಮೆರಿಕದ ಹೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನವರು ಒಂದು ಪ್ರಯೋಗವನ್ನು ಪ್ರಕಟಿಸಿದರು. 67 ಜನರಿಗೆ ಕೋಕಾಕೋಲಾ, ಪೆಪ್ಸಿ ಕುಡಿಸಿದರು. ಹೆಸರು ಹೇಳದೆ ಕೊಟ್ಟಾಗ ಎರಡಕ್ಕೂ ಹೆಚ್ಚುಕಡಿಮೆ ಸಮಾನ ಮೆಚ್ಚುಗೆ. ಕೋಕ್ ಎಂದು ತಿಳಿಸಿದಾಗ ಒಲವು ಅದರ ಕಡೆ ವಾಲಿತು. ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗವೂ ಚುರುಕಾಯಿತು. ನಾಲಿಗೆಯ ರುಚಿಗೆ ಹೆಸರಿನ ರುಚಿಯೂ ಸೇರಿತ್ತು. ವರ್ಷಾನುಗಟ್ಟಲೆ ಕಂಡ ಜಾಹೀರಾತು ಹೀಗೆ ನಮ್ಮ ಒಳಗೆ ಕೂತಿರುತ್ತದೆ.

ಹಾಗೆಂದು ಹೆದರಬೇಕಾಗಿಲ್ಲ. ಯಂತ್ರ ನಮ್ಮ ವಿಚಾರವನ್ನು ಓದಲಾರದು. ಗಮನ ಹರಿಯಿತೇ, ಮನಸ್ಸು ಕದಲಿತೇ ಎಂಬಷ್ಟನ್ನು ಅದು ಅಂದಾಜು ಮಾಡುತ್ತದೆ. ಮಿದುಳಿನ ಒಂದೇ ಭಾಗ ಸಂತೋಷಕ್ಕೂ ಭಯಕ್ಕೂ ಚುರುಕಾಗಬಹುದು. ಜಾಹೀರಾತು ಹೇಳುವುದು ನಿಜವೇ, ನ್ಯಾಯವೇ ಎಂದು ಯಾವ ಗೆರೆಯೂ ತೋರಿಸುವುದಿಲ್ಲ. ಆ ಪ್ರಶ್ನೆ ಕೇಳಬೇಕಾದವರು ನಾವು.

ಕೇಳಿದ್ದೂ ಉಂಟು. ಮಗನಿಲ್ಲವೆಂದು ತಂದೆ ಕೊರಗುತ್ತಾನೆ. ಮಗಳು ಕ್ರೀಮ್ ಹಚ್ಚಿ ಬೆಳ್ಳಗಾಗಿ ವಿಮಾನದಲ್ಲಿ ಕೆಲಸ ಹಿಡಿಯುತ್ತಾಳೆ. ಫೇರ್ ಅಂಡ್ ಲವ್ಲಿಯ ಇಂಥ ಜಾಹೀರಾತುಗಳ ವಿರುದ್ಧ ಅಖಿಲ ಭಾರತ ಜನವಾದಿ ಮಹಿಳಾ ಸಂಘಟನೆ ದೂರು ಕೊಟ್ಟಿತು. 2003ರಲ್ಲಿ ಅವು ಟಿ.ವಿ.ಯಿಂದ ಇಳಿದವು. 2014ರಲ್ಲಿ ಜಾಹೀರಾತು ಮಾನದಂಡ ಮಂಡಳಿ, ಬಣ್ಣ ಕಪ್ಪಾದವರಿಗೆ ಮದುವೆಯಲ್ಲೋ ಕೆಲಸದಲ್ಲೋ ಹಿನ್ನಡೆ ಎಂಬಂತೆ ತೋರಿಸಬಾರದೆಂದು ನಿಯಮ ಮಾಡಿತು. 2020ರಲ್ಲಿ ಆ ಕ್ರೀಮಿನ ಹೆಸರಿನಿಂದ 'ಫೇರ್' ಪದವೇ ಹೋಯಿತು.

ಹೆಸರು ಹೋದರೂ ಒಳಗೆ ಕೂತ ಮಾತು ಹೋಗಿಲ್ಲ. 'ಹುಡುಗಿ ಕಪ್ಪು, ಇನ್ನೆರಡು ತೊಲ ಹೆಚ್ಚಿಗೆ ಹಾಕಿ' ಎಂಬ ಮಾತು ಹೆಣ್ಣು ನೋಡುವ ಮನೆಗಳಲ್ಲಿ ಇಂದಿಗೂ ಬರುತ್ತದೆ. ಕ್ರೀಮು ಮಾರಲು ಕಟ್ಟಿದ ಭಯ ವರದಕ್ಷಿಣೆಯ ಲೆಕ್ಕವಾಗುತ್ತದೆ. ಆ ತೊಲಕ್ಕೆ ಸಾಲ ತೆಗೆಯುವವರು ನಮ್ಮ ಗುಂಪಿನ ತಾಯಂದಿರೇ. ಸಾಲದೆಂದು ಬಡಿತ ತಿನ್ನುವವರು ಅವರ ಹೆಣ್ಣುಮಕ್ಕಳೇ.

ಆದ್ದರಿಂದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಜಾಹೀರಾತನ್ನು ಚರ್ಚೆಗೆ ಎತ್ತಿಕೊಳ್ಳಿ. ಇದು ಯಾವ ಆಸೆ ತೋರಿಸುತ್ತದೆ? ಯಾವ ಭಯ ಹುಟ್ಟಿಸುತ್ತದೆ? ಲಾಭ ಯಾರಿಗೆ, ಬೆಲೆ ತೆರುವವರು ಯಾರು? ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಪಕ್ಕದಲ್ಲೇ ಕೂಡಿಸಿಕೊಳ್ಳಿ. ಒಬ್ಬಳೇ ಟಿ.ವಿ. ಮುಂದೆ ಕೂತಾಗ ಹೊಳೆಯದ ಉತ್ತರ ಹತ್ತು ಜನ ಕೂಡಿದಾಗ ಹೊಳೆಯುತ್ತದೆ.