ನೆರಳಿನ ಪಾಲು



ಆದಿಕವಿ ಪಂಪನು ತನ್ನ ಭಾರತಕ್ಕೆ ಆರಿಸಿಕೊಂಡದ್ದು ಪುಲಿಗೆರೆಯ ತಿರುಳ್ಗನ್ನಡವನ್ನು. ಮನಸೋತದ್ದು ಮಾತ್ರ ಬನವಾಸಿಯ ಬನಗಳಿಗೆ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿ ಏಪ್ರಿಲ್ ತಿಂಗಳ ನಡುಹಗಲು ಬಸ್ಸಿಗಾಗಿ ಕಾಯುತ್ತ ನಿಂತಾಗ ಕವಿಯ ಒಲವು ನನಗೆ ಅರ್ಥವಾಯಿತು. (ತರಗತಿಯಲ್ಲಿ ಹೀಗೆ ವಿವರಿಸುವ ಧೈರ್ಯ ನನಗಿರಲಿಲ್ಲ.)

ಮರವು ಬೇರಿನಿಂದ ಹೀರಿದ ನೀರನ್ನು ಎಲೆಗಳಿಂದ ಆವಿಯಾಗಿಸಿ ಸುತ್ತಣ ಕಾವನ್ನು ತಗ್ಗಿಸುತ್ತದೆ. ಡಾಂಬರು, ಸಿಮೆಂಟುಗಳಾದರೋ ಹಗಲಿನ ಬಿಸಿಲನ್ನು ಕೂಡಿಟ್ಟು ಇರುಳಿಗೆ ಹಿಂದಿರುಗಿಸುತ್ತವೆ. ಅದನ್ನು ಉಣ್ಣುವವರು ಯಾರು? ಬೆಟಗೇರಿಯ ತಗಡಿನ ಮಾಡಿನಡಿ ಮಗ್ಗದ ಮುಂದೆ ಕುಳಿತ ನೇಕಾರ. ಗದಗಿನ ಮಾರುಕಟ್ಟೆಯಲ್ಲಿ ಗೋಣಿಚೀಲವನ್ನೇ ತಲೆಗೆ ಹೊದ್ದ ಸೊಪ್ಪಿನ ಮುದುಕಿ.

ನಮ್ಮ ಸೀಮೆಗೆ ಹಸುರು ಅಪರಿಚಿತವಲ್ಲ. ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿಧಾಮವಾಯಿತು. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯು 2024ರಲ್ಲಿ ಅಂತಾರಾಷ್ಟ್ರೀಯ ರಾಮ್ಸಾರ್ ಪಟ್ಟಿಗೆ ಸೇರಿತು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೆ ಅಲ್ಲಿ ಚಳಿಗಾಲದ ಬಿಡಾರ. ಹಕ್ಕಿಗಾಗಿ ಇಷ್ಟು ಯೋಚಿಸಿದವರು ಹಮಾಲನಿಗಾಗಿ ಒಂದು ಮರವನ್ನು ಯೋಚಿಸಲಾರೆವೆ? ಬೇವು, ಹೊಂಗೆ, ಹುಣಿಸೆಗಳು ನಮ್ಮ ಬರವನ್ನು ಬಲ್ಲವು. ಮುಂಡರಗಿಯ ಸಂತೆಗೆ, ನೇಕಾರರ ಓಣಿಗಳಿಗೆ, ಬಸ್ ನಿಲ್ದಾಣಗಳಿಗೆ ಅವು ಮೊದಲು ಬರಲಿ. ಹುಲ್ಲುಹಾಸು, ಕಾರಂಜಿಗಳು ಆಮೇಲೆ. ನೆಟ್ಟ ದಿನದ ಭಾವಚಿತ್ರಕ್ಕಿಂತ ಮೊದಲ ಎರಡು ಮೂರು ಬೇಸಗೆಗಳ ಕೊಡ ನೀರು ಮುಖ್ಯ.

ನನ್ನ ಬಡಾವಣೆಯ ಉದ್ಯಾನದಲ್ಲಿ ಬೇವಿನ ಮರಗಳಿವೆ. ನಡುಹಗಲು ಅವುಗಳ ನೆರಳು ಬೀಗ ಹಾಕಿದ ಬೇಲಿಯೊಳಗೆ ಬರಿದೆ ಬಿದ್ದಿರುತ್ತದೆ; ಹೊರಗೆ ಗಾರೆ ಕೆಲಸದವರು ಗೋಡೆಗೆ ಆತು ಬುತ್ತಿ ಉಣ್ಣುತ್ತಾರೆ. ಬೀಗ ಬೇಕೆಂಬ ಮನವಿಗೆ ಅಂದು ಸಹಿ ಮಾಡಿದವರಲ್ಲಿ ನಾನೂ ಒಬ್ಬ. ಕಳೆದ ವಾರ, ತೆಗೆಯಿರೆಂದು ಬರೆದುಕೊಟ್ಟಿದ್ದೇನೆ. ನನ್ನೊಡನೆ ಸಹಿ ಹಾಕಿದ ನೆರೆಯವರು ಇಬ್ಬರು.