ಬ್ರಿಜ್ ಆಟದಲ್ಲಿ ಬಲದ ಕಳಾವರ

ಇಸ್ಪೀಟಿನ ಮಾತೆತ್ತಿದೊಡನೆ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಆದರೆ ಶ್ರೋತೃಗಳೇ, ನಾವು ಹೇಳಹೊರಟಿರುವುದು ಪಣವೊಡ್ಡಿ ಆಡುವ ಜೂಜಿನ ವಿಷಯವಲ್ಲ; ಮೂವತ್ತೆಂಟೇ ಪದಗಳುಳ್ಳ ಒಂದು ಪುಟ್ಟ ಭಾಷೆಯ ವ್ಯಾಕರಣದ ವಿಷಯ. ಕಾಂಟ್ರ್ಯಾಕ್ಟ್ ಬ್ರಿಜ್ಜಿನಲ್ಲಿ ಎದುರುಬದುರು ಕುಳಿತ ಜೊತೆಗಾರರಿಬ್ಬರು, ಒಬ್ಬರ ಎಲೆಗಳನ್ನು ಇನ್ನೊಬ್ಬರು ಕಾಣದೆ, ಹರಾಜಿನಂತೆ ಕೂಗುತ್ತ ಹೋಗಿ, ಎಷ್ಟು ಪಟ್ಟು ಹಿಡಿಯಬಲ್ಲೆವು, ಯಾವ ಜಾತಿ ತುರುಫು ಎಂಬುದನ್ನು ನಿಶ್ಚಯಿಸಬೇಕು. ಕಳಾವರ, ಡೈಮಂಡ್, ಆಟೀನು, ಇಸ್ಪೀಟು, ತುರುಫಿಲ್ಲದ ಆಟ ಎಂಬ ಐದು ಮೆಟ್ಟಿಲುಗಳು ಏಳು ಮಜಲುಗಳಲ್ಲಿ ಸೇರಿ ಮೂವತ್ತೈದು ಕೂಗುಗಳಾಗುತ್ತವೆ. ಪಾಸ್, ಡಬಲ್, ರೀಡಬಲ್ ಎಂಬ ಮೂರು ಬೇರೆ. ಒಮ್ಮೆ ಏರಿದ ಮೆಟ್ಟಿಲನ್ನು ಇಳಿಯುವಂತಿಲ್ಲ. ಒಬ್ಬರಿಗೆ ಬರಬಹುದಾದ ಹದಿಮೂರೆಲೆಯ ಕೈಗಳಾದರೋ ೬೩,೫೦೦ ಕೋಟಿಗೂ ಮೇಲು!

ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಎಂದು ಎಣಿಸಿದರೆ ಕಟ್ಟಿನಲ್ಲಿ ೪೦ ಅಂಕಗಳುಂಟು. ಜೊತೆಗಾರರಿಬ್ಬರಲ್ಲಿ ೨೫-೨೬ ಅಂಕ ಕೂಡಿದರೆ ಆಟೀನು ಅಥವಾ ಇಸ್ಪೀಟಿನಲ್ಲಿ ಹತ್ತು ಪಟ್ಟು ಸಾಮಾನ್ಯವಾಗಿ ದೊರೆಯುತ್ತದೆ. ವಾಡಿಕೆಯ ಪದ್ಧತಿಯಲ್ಲಿ ‘ಒಂದು ಇಸ್ಪೀಟು’ ಎಂದವನ ಕೈಯಲ್ಲಿ ೧೨ ಅಂಕವೂ ಇರಬಹುದು, ೨೦ ಅಂಕವೂ ಇರಬಹುದು. ಬಲವುಳ್ಳವನು ಅದನ್ನು ತಿಳಿಸಲು ಮುಂದಿನ ಸರದಿಯಲ್ಲಿ ಮೆಟ್ಟಿಲು ಹಾರಬೇಕು. ಹಾರಿದಷ್ಟೂ ಮಾತಿಗೆ ಉಳಿಯುವ ಎಡೆ ಕಡಿಮೆ. ಹೇಳುವುದು ಹೆಚ್ಚಾಗಿರುವವನಿಗೇ ಹೇಳಲು ಸ್ಥಳವಿಲ್ಲ!

ಇದಕ್ಕೆ ಪರಿಹಾರ ಕಂಡವರು ಅಮೆರಿಕದ ಹೆರಾಲ್ಡ್ ವ್ಯಾಂಡರ್ಬಿಲ್ಟ್. ೧೯೨೫ರಲ್ಲಿ ಪನಾಮಾ ಕಾಲುವೆಯ ಮಾರ್ಗವಾಗಿ ಹೋಗುತ್ತಿದ್ದ ಹಡಗಿನಲ್ಲಿ ಈ ಆಟದ ಅಂಕಪದ್ಧತಿಯನ್ನು ರೂಪಿಸಿದವರೂ ಅವರೇ. ಅತ್ಯಂತ ಅಗ್ಗದ ಕೂಗಾದ ‘ಒಂದು ಕಳಾವರ’ವನ್ನು ಅತ್ಯಂತ ಬಲವಾದ ಕೈಗೆ ಮೀಸಲಿಡಿರಿ, ಅದಕ್ಕೂ ಕಳಾವರದ ಎಲೆಗಳಿಗೂ ಸಂಬಂಧ ಬೇಡ, ಎಂಬುದು ೧೯೨೯ರ ಅವರ ಪುಸ್ತಕದ ತಿರುಳು. ಬಲವಿಲ್ಲದ ಜೊತೆಗಾರನು ‘ಒಂದು ಡೈಮಂಡ್’ ಎಂದು ತನ್ನ ಬಡತನವನ್ನು ಒಪ್ಪಿಕೊಳ್ಳತಕ್ಕದ್ದು. ಮುಂದೆ ಸಿ. ಸಿ. ವೇ ಎಂಬವರು ಇದನ್ನೇ ‘ಪ್ರಿಸಿಷನ್’ ಎಂಬ ಹೆಸರಿನಲ್ಲಿ ತಿದ್ದಿ ಕಟ್ಟಿದರು. ಅವರು ಹಡಗಿನ ವ್ಯವಹಾರದವರು ಎಂಬುದು ಸೋಜಿಗ. ೧೯೬೯ರಲ್ಲಿ ರಿಯೋ ನಗರದಲ್ಲಿ ನಡೆದ ಬರ್ಮುಡಾ ಬೌಲ್ ಪಂದ್ಯದಲ್ಲಿ, ಯಾರೂ ಎಣಿಸದಿದ್ದ ತೈವಾನಿನ ತಂಡವು ಈ ಪದ್ಧತಿಯನ್ನು ಹಿಡಿದು ಇಟಲಿಯವರೆದುರು ಅಂತಿಮ ಸುತ್ತಿಗೆ ಬಂದು ನಿಂತಿತು.

ನಾವೂ ನಮ್ಮ ಜೊತೆಗಾರರೂ ಇಂಥದೊಂದು ಪದ್ಧತಿಯನ್ನು ಕಟ್ಟಲು ಕುಳಿತೆವು. ೧೬ ಮತ್ತು ಅದಕ್ಕೆ ಮೇಲಾದರೆ ಒಂದು ಕಳಾವರ. ಉತ್ತರದಲ್ಲಿ ೮ ಅಂಕವಿದ್ದರೆ ಡೈಮಂಡ್ ಬಿಟ್ಟು ಬೇರೆ ಕೂಗು. ಎರಡೂ ಕೂಡಿ ೨೪ ಆಯಿತಷ್ಟೆ. ಇನ್ನು ದೊಡ್ಡ ಆಟದವರೆಗೆ ಯಾರೂ ನಿಲ್ಲಿಸಬಾರದು, ನಿಧಾನವಾಗಿ ಮಾತನಾಡಬಹುದು. ಆದರೆ ನಿಜವಾದ ಲಾಭವು ಕಳಾವರ ಕೂಗದ ಕೈಗಳಲ್ಲಿದೆಯೆಂದು ನಮಗೆ ತಡವಾಗಿ ಹೊಳೆಯಿತು. ಉಳಿದ ಆರಂಭಗಳೆಲ್ಲ ೧೧ರಿಂದ ೧೫ರೊಳಗೆ ಬಂದುವು. ೮ ಅಂಕವುಳ್ಳ ಜೊತೆಗಾರನು, ಹೊಂದಿಕೆಯೊಂದು ವಿಶೇಷವಾಗಿಲ್ಲದಿದ್ದರೆ, ಚಿಂತೆಯಿಲ್ಲದೆ ಪಾಸ್ ಎನ್ನಬಹುದು.

ತೊಡಕು ಬಂದದ್ದು ಬೇರೆಡೆ. ಕಳಾವರವನ್ನು ಮನೆಯಿಂದ ಹೊರಗೆ ಹಾಕಿದ ಮೇಲೆ ನಿಜವಾದ ಕಳಾವರದ ಕೈಗೆ ಎಡೆ ಎಲ್ಲಿ? ‘ಎರಡು ಕಳಾವರ’ ಎಂದೆವು. ಇಸ್ಪೀಟು, ಆಟೀನು, ಕಳಾವರ ನಾಲ್ಕು ನಾಲ್ಕಿದ್ದು ಡೈಮಂಡ್ ಒಂದೇ ಇದ್ದರೆ? ಐದೆಲೆಯ ಜಾತಿ ಯಾವುದೂ ಇಲ್ಲ. ಅದಕ್ಕೆಂದೇ ವೇ ಅವರಂತೆ ‘ಎರಡು ಡೈಮಂಡ್’ ಎಂಬ ಕೂಗನ್ನು ತೆತ್ತೆವು. ಒಂದು ಕಡೆ ತೇಪೆ ಹಾಕಿದರೆ ಇನ್ನೊಂದು ಕಡೆ ಬಟ್ಟೆ ಸಾಲದು. ಇವೆಲ್ಲ ಗುಟ್ಟಿನ ಸಂಕೇತಗಳೆಂದು ಭಾವಿಸಬಾರದು. ಎದುರಾಳಿಗಳು ಕೇಳಿದರೆ ಅರ್ಥವನ್ನು ಬಿಚ್ಚಿ ಹೇಳುವುದು ಆಟದ ನಿಯಮ.

ಅರ್ಥ ಬಲ್ಲ ಎದುರಾಳಿ ಸುಮ್ಮನಿರುವನೆ? ಒಂದು ಸಂಜೆ ನಮ್ಮಲ್ಲಿ ೧೭ ಅಂಕ, ಆಟೀನು ಐದು, ಇಸ್ಪೀಟು ಮೂರು ಸಣ್ಣವು. ‘ಒಂದು ಕಳಾವರ’ ಎಂದೆವು. ಎಡಗಡೆಯವರು ಏಳು ಇಸ್ಪೀಟಿನ ಬಡಕೈ ಹಿಡಿದು ‘ಮೂರು ಇಸ್ಪೀಟು’ ಎಂದು ಹಾರಿದರು. ಜೊತೆಗಾರರು ಪಾಸ್ ಎಂದರು, ಬಲಗಡೆಯವರೂ ಪಾಸ್. ನಮ್ಮ ಆಟೀನಿನ ಸುದ್ದಿಯನ್ನು ನಾವಿನ್ನೂ ಹೇಳಿಯೇ ಇರಲಿಲ್ಲ. ಐದೇ ಎಲೆಯನ್ನು ನೆಚ್ಚಿ ನಾಲ್ಕನೆಯ ಮಜಲಿಗೆ ಏರಲು ಧೈರ್ಯವಾಗದೆ ನಾವೂ ಪಾಸ್ ಎಂದೆವು. ಎಲೆ ಬಿಚ್ಚಿದಾಗ ಜೊತೆಗಾರರಲ್ಲಿ ಆರು ಅಂಕ, ನಾಲ್ಕು ಆಟೀನು, ಇಸ್ಪೀಟು ಒಂದೇ! ಹಳೆಯ ಪದ್ಧತಿಯಲ್ಲಿ ‘ಒಂದು ಆಟೀನು’ ಎಂದಿದ್ದರೆ ಅವರೇ ನಾಲ್ಕಕ್ಕೆ ಏರಿಸುತ್ತಿದ್ದರು; ಹತ್ತು ಪಟ್ಟೂ ಬರುತ್ತಿದ್ದುವು.

ಆ ರಾತ್ರಿ ಮನೆಗೆ ನಡೆದು ಬರುವಾಗ ಜೊತೆಗಾರರು ಒಂದು ಮಾತೂ ಆಡಲಿಲ್ಲ. ಮರುದಿನ ಬಂದು, “ಕಳಾವರ ಬಿಟ್ಟುಬಿಡೋಣವೇ?” ಎಂದರು. ಕೆಳಗಿನ ಮಜಲಿನ ಅಡ್ಡಕೂಗಿಗೆ ಡಬಲ್ ಎಂದರೆ ಐದರಿಂದ ಏಳು ಅಂಕವೆಂದು ಗೊತ್ತುಮಾಡಿಕೊಂಡೆವು. ಮೂರನೆಯ ಮಜಲಿಗೆ ಹಾರುವವರಿಗೆ ಮಾತ್ರ ಉತ್ತರ ಹೊಳೆದಿಲ್ಲ. ಬಿಡುವುದಕ್ಕೆ ನಾವಿನ್ನೂ ಒಪ್ಪಿಲ್ಲ. ಅವರೂ ಮತ್ತೆ ಕೇಳಿಲ್ಲ.