ತಾಂಬೂಲದ ಚೀಲದಲ್ಲಿ ಮರದ ಸಸಿ

(ಹಿರಿಯೂರು ತಾಲ್ಲೂಕು ಯಲ್ಲದಕೆರೆಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮರ ನೆಡಿರೆಂದು ನಿಮಗೆ ಹೇಳಬೇಕಾದ ಅಗತ್ಯವಿಲ್ಲ. ನೀವೆಲ್ಲರೂ ನೆಟ್ಟಿದ್ದೀರಿ. ನೆಟ್ಟವು ಎಷ್ಟು ಉಳಿದವು ಎಂಬುದೇ ಪ್ರಶ್ನೆ. ಅರಣ್ಯ ಇಲಾಖೆ 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿಯೂ ಪ್ರೋತ್ಸಾಹಧನ ಗೊತ್ತುಮಾಡಿದ್ದು ನೆಟ್ಟ ಸಸಿಗಲ್ಲ, ಬದುಕಿದ ಸಸಿಗೆ.

ನನ್ನದೇ ತಪ್ಪೊಂದನ್ನು ಮೊದಲು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಜೂನ್ ತಿಂಗಳಲ್ಲಿ ಒಂದು ಹದ ಮಳೆಯಾಯಿತೆಂದು ನಮ್ಮ ಹೊಲದ ಬದುವಿಗೆ ಹುಣಸೆ ಸಸಿಗಳನ್ನು ನೆಟ್ಟೆ. ಆಷಾಢದ ಗಾಳಿ ಬೀಸಿತು, ಮಳೆ ಕೈಕೊಟ್ಟಿತು. ಉಳಿದವು ಬೆರಳೆಣಿಕೆಯಷ್ಟು. ಸತ್ತ ಸಸಿಗಳನ್ನು ಕಿತ್ತು ನೋಡಿದರೆ ಬೇರು ಚೀಲದ ಆಕಾರದಲ್ಲಿಯೇ ಸುರುಳಿ ಸುತ್ತಿಕೊಂಡಿತ್ತು. ಗುಂಡಿಯ ಮಣ್ಣಿಗೆ ಒಂದು ಎಳೆಯೂ ಇಳಿದಿರಲಿಲ್ಲ. ನಮ್ಮ ತಂದೆಯವರು, "ಸಸಿ ಬಂದ ದಿನ ನೆಟ್ಟೆ, ಮಳೆ ಬರುವ ದಿನ ನೆಡಬೇಕಿತ್ತು" ಎಂದರು. ಡಾಕ್ಟರೇಟ್ ಪಡೆದವನು ತಲೆ ತಗ್ಗಿಸಿದೆ.

ನಮ್ಮದು ಮಧ್ಯ ಒಣ ವಲಯ. ಇಲ್ಲಿ ವರ್ಷದಲ್ಲಿ ಹೆಚ್ಚು ಮಳೆ ಬೀಳುವ ತಿಂಗಳುಗಳು ಸೆಪ್ಟೆಂಬರ್, ಅಕ್ಟೋಬರ್. ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಮಳೆ ನಮ್ಮನ್ನು ಎಷ್ಟು ಕಾಯಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಸಸಿಗಳು ನಮ್ಮ ಕೈಗೆ ಬರುವುದು ಜೂನ್‌ನಲ್ಲಿ. ಆದುದರಿಂದ ಜೂನ್‌ನಿಂದ ಉತ್ತರೆ ಮಳೆಯವರೆಗೆ ಸಸಿಯನ್ನು ಕಾಪಾಡುವ ಉಪಾಯ ಬೇಕು.

ಅದು ನಿಮ್ಮ ಮನೆಯ ಗೂಟಕ್ಕೆ ನೇತುಬಿದ್ದಿದೆ. ಮದುವೆಯಲ್ಲಿ ತೆಂಗಿನಕಾಯಿ ಹಾಕಿ ಕೊಡುವ ತಾಂಬೂಲದ ಚೀಲ, ಬಟ್ಟೆ ಅಂಗಡಿಯ ಕೈಚೀಲ. 5x8 ಅಂಗುಲದ ಪಾಲಿಥೀನ್ ಚೀಲದಲ್ಲಿ ಹಿಡಿಯುವ ಮಣ್ಣು ಒಂದು ಲೀಟರಿಗಿಂತ ಕಡಿಮೆ. 10 ಅಂಗುಲ ಅಗಲ, 14 ಅಂಗುಲ ಎತ್ತರದ ಕೈಚೀಲದಲ್ಲಿ ಸುಮಾರು 5 ಲೀಟರ್ ಹಿಡಿಯುತ್ತದೆ. ಇನ್ನೊಂದು ಗುಣವೂ ಉಂಟು. ಪಾಲಿಥೀನ್ ಗೋಡೆಗೆ ತಾಗಿದ ಬೇರು ಸುತ್ತತೊಡಗುತ್ತದೆ. ಗಾಳಿಯಾಡುವ ಚೀಲದ ಅಂಚಿಗೆ ಬಂದ ಬೇರಿನ ತುದಿ ಒಣಗಿ ನಿಲ್ಲುತ್ತದೆ. ಹಿಂದಿನಿಂದ ಕವಲು ಬೇರುಗಳು ಒಡೆಯುತ್ತವೆ. ಅಮೆರಿಕದ ನರ್ಸರಿಗಳಲ್ಲಿ 1980ರ ದಶಕದಿಂದಲೂ ಬಟ್ಟೆಯ ಚೀಲಗಳಲ್ಲಿ ಮರದ ಸಸಿ ಬೆಳೆಸುತ್ತಿದ್ದಾರೆ.

ಮಾಡುವ ಕ್ರಮ ಹೀಗಿದೆ:

1. ಚೀಲಕ್ಕೆ ಒಂದು ಲೋಟ ನೀರು ಹಾಕಿ ನೋಡಿ. ನೀರು ಜಿನುಗಿದರೆ ಚೀಲ ಯೋಗ್ಯ. ಹೊಳಪಿನ ಪದರವಿದ್ದು ನೀರು ನಿಂತರೆ ತಳದಲ್ಲಿಯೂ ಪಕ್ಕದಲ್ಲಿಯೂ ಹತ್ತಾರು ತೂತು ಮಾಡಿ.

2. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಎರೆಮಣ್ಣಾದರೆ ಮರಳು ಹೆಚ್ಚಿಸಿ.

3. ಪಾಲಿಥೀನ್ ಚೀಲವನ್ನು ಸೀಳಿ ತೆಗೆದು, ಬುಡದಲ್ಲಿ ಸುತ್ತಿಕೊಂಡ ಬೇರನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ, ಸಂಜೆಯ ವೇಳೆ ಕೈಚೀಲಕ್ಕೆ ನೆಡಿ. ಬಯಲಲ್ಲಿ ತಾಳಲಾರದ ಈ ಗಾಯವನ್ನು ಸಸಿ ನೆರಳಿನಲ್ಲಿ ತಾಳಿಕೊಳ್ಳುತ್ತದೆ.

4. ಚೀಲಗಳನ್ನು ನೆಲದ ಮೇಲಿಡದೆ ಇಟ್ಟಿಗೆ ಅಥವಾ ಕಲ್ಲಿನ ಮೇಲೆ, ಹೊಂಗೆ ಮರದ ತೆಳು ನೆರಳಿನಲ್ಲಿ, ಗಾಳಿಗೆ ಮರೆಯಾಗಿ ಇಡಿ. ನೆಲದ ಮೇಲಿಟ್ಟರೆ ಬೇರು ಭೂಮಿಗೆ ಇಳಿದು ಎತ್ತುವಾಗ ಹರಿಯುತ್ತದೆ.

5. ಇದರ ಒಂದು ದೋಷವೆಂದರೆ ಚೀಲ ಬೇಗ ಒಣಗುತ್ತದೆ. ದಿನವೂ ಬೆರಳಿಟ್ಟು ನೋಡಿ ನೀರು ಕೊಡಿ. ಪಾತ್ರೆ, ತರಕಾರಿ ತೊಳೆದ ನೀರು ಸಾಕು, ಸೋಪು ಬೆರೆತಿರಬಾರದು.

6. ತುಂಬಿದ ಚೀಲ ಏಳೆಂಟು ಕಿಲೋ ತೂಗುತ್ತದೆ. ಹಿಡಿಕೆ ಹಿಡಿದು ಎತ್ತಬೇಡಿ. ತಳಕ್ಕೆ ಕೈಕೊಟ್ಟು ಎತ್ತಿ.

ಬೇಸಿಗೆಯಲ್ಲಿಯೇ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದಿಡಿ. ಉತ್ತರೆ ಅಥವಾ ಹಸ್ತೆ ಮಳೆಯಲ್ಲಿ ಗುಂಡಿಯ ಮಣ್ಣು ಒಂದು ಅಡಿ ನೆನೆದ ಮೇಲೆ ನೆಡಿ. ಮಳೆ ತಡವಾದರೆ ಸಸಿ ಚೀಲದಲ್ಲಿಯೇ ಕಾಯಲಿ, ಅವಸರ ಬೇಡ. ನೆಡುವಾಗ ಚೀಲವನ್ನು ಕಾಲುಚೀಲ ಕಳಚಿದಂತೆ ಮಗುಚಿ ತೆಗೆದು, ತೊಳೆದು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆಯ ಮಾತು. ಬಟ್ಟೆಯಂತೆ ಕಂಡರೂ ಈ ಚೀಲಗಳಲ್ಲಿ ಹೆಚ್ಚಿನವು ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್. ಮಣ್ಣಿನಲ್ಲಿ ಕರಗುವುದಿಲ್ಲ, ಬಿಸಿಲಿಗೆ ಬಿಟ್ಟರೆ ಪುಡಿಯಾಗಿ ಹೊಲ ಸೇರುತ್ತದೆ. ಚೀಲ ಸಮೇತ ಎಂದಿಗೂ ನೆಡಬೇಡಿ. ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದೆ. ಆದುದರಿಂದ ಹೊಸದಾಗಿ ಕೊಳ್ಳದೆ ಮನೆಗೆ ಬಂದಿರುವುದನ್ನೇ ಬಳಸಿ. ಹತ್ತಿಯ ಚೀಲವೂ ಆದೀತು, ಆದರೆ ಅದು ಒಂದೇ ಹಂಗಾಮಿಗೆ ಕಳಿಯುತ್ತದೆ.

ಇದು ಸಾವಿರಾರು ಸಸಿಗಳ ತೋಪಿಗೆ ಹೇಳಿದ ಮಾತಲ್ಲ. ಬದುವಿಗೆ ಇಪ್ಪತ್ತು ಹುಣಸೆಯೋ ನೇರಳೆಯೋ ಬೇವೋ ಬೇಕೆನ್ನುವವರಿಗೆ. ನೆಟ್ಟ ನೂರಕ್ಕಿಂತ ಉಳಿದ ಇಪ್ಪತ್ತು ಮೇಲು. ವಿಸ್ತರಣಾ ಕಾರ್ಯಕರ್ತ ಮಿತ್ರರಲ್ಲಿಯೂ ಒಂದು ವಿನಂತಿ: ಜೂನ್‌ನಲ್ಲಿ ಹಂಚಿದ ಸಸಿಗಳ ಲೆಕ್ಕದ ಪಕ್ಕದಲ್ಲಿ ಮರುವರ್ಷ ಮೇ ತಿಂಗಳಲ್ಲಿ ಹಸಿರಾಗಿರುವ ಸಸಿಗಳ ಲೆಕ್ಕವನ್ನೂ ಬರೆಯಿರಿ.

ನಮ್ಮ ಬದುವಿನಲ್ಲಿ ಎರಡನೆಯ ಸಲ ಹೀಗೆ ಕಾದು ನೆಟ್ಟ ಹುಣಸೆಗಳು ಈಗ ನನ್ನ ತಲೆಗಿಂತ ಎತ್ತರವಾಗಿವೆ. ಇದನ್ನು ಪ್ರಯೋಗವೆಂದು ಹೇಳಲಾರೆ. ನೀವೂ ಹತ್ತು ಸಸಿಗಳನ್ನು ಜೂನ್‌ನಲ್ಲಿ ನೆಟ್ಟು, ಹತ್ತನ್ನು ಚೀಲದಲ್ಲಿ ಕಾಯಿಸಿ ನೆಟ್ಟು ನೋಡಿ. ಮುಂದಿನ ಬೇಸಿಗೆಯಲ್ಲಿ ಯಾವುದು ಸರಿಯೆಂದು ನೀವೇ ನನಗೆ ಹೇಳಬೇಕು.